ಸನ್ನೆ ಭಾಷೆಯಲ್ಲಿ ನಮ್ಮ ಹೆಸರು ಹಾಕಿ ಕೊಡ್ತೀರೇನ್ರಿ?

ಧಾರವಾಡದಲ್ಲಿ ಕಸೂತಿ ಹಾಕುವ ನನ್ನನ್ನು ಜನ ಜಾಸ್ತಿ ಕೇಳುವ ಪ್ರಶ್ನೆ ಇದು. "ಸನ್ನೆ ಭಾಷೆಯ ಕೈಗಳಿಂದ ನಮ್ಮ ಹೆಸರು ಹಾಕಿ ಕೊಡ್ತೀರೇನ್ರಿ? ನೋಡಾಕ ಭಾಳ ಚಂದ ಇರ್ತದ." ಜೊತೆಗೆ ನೆಟ್‌ನಿಂದ ಇಳಿಸಿಕೊಂಡ ಒಂದು ಚಾರ್ಟ್ ಕಳಿಸುತ್ತಾರೆ.

ಖಂಡಿತ ಹಾಕಿ ಕೊಡುತ್ತೇನೆ. ಆದರೆ ಮೊದಲು ನಾನೂ ಒಂದು ಮಾತು ಕೇಳುತ್ತೇನೆ: ಅದನ್ನು ಓದುವವರು ಯಾರು?

ಆ ಚಾರ್ಟ್ ಸಾಮಾನ್ಯವಾಗಿ ಅಮೆರಿಕದ್ದು. ಅಲ್ಲಿ ಒಂದೇ ಕೈಯಲ್ಲಿ ಇಂಗ್ಲಿಷ್ ಅಕ್ಷರ ತೋರಿಸುತ್ತಾರೆ. ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿ ಇರುವ ಗಲ್ಲೊಡೆಟ್ ವಿಶ್ವವಿದ್ಯಾಲಯದಲ್ಲಿ 1889ರ ಒಂದು ಕಂಚಿನ ಪ್ರತಿಮೆ ಇದೆ. ಗುರು ಗಲ್ಲೊಡೆಟ್ ಪಕ್ಕದಲ್ಲಿ ಪುಟ್ಟ ಹುಡುಗಿ ಆಲಿಸ್ ನಿಂತು 'ಎ' ಅಕ್ಷರ ಕಲಿಯುತ್ತಿದ್ದಾಳೆ. ಮುಷ್ಟಿ, ಅದರ ಪಕ್ಕಕ್ಕೆ ಹೆಬ್ಬೆರಳು. ಅಲ್ಲಿಯ ಕಿವುಡರು ಆ ಕಂಚನ್ನು ಓದುತ್ತಾರೆ.

ನಮ್ಮ ಭಾರತೀಯ ಸನ್ನೆ ಭಾಷೆಯಲ್ಲಿ ಅಕ್ಷರಕ್ಕೆ ಹೆಚ್ಚಾಗಿ ಎರಡೂ ಕೈ ಬೇಕು. ಇಂಗ್ಲಿಷಿನ ಐದು ಸ್ವರಗಳಿಗೆ ಐದು ಬೆರಳ ತುದಿಗಳು. ಒಂದು ಕೈಯ ತೋರುಬೆರಳಿನಿಂದ ಇನ್ನೊಂದು ಕೈಯ ಹೆಬ್ಬೆರಳು ಮುಟ್ಟಿದರೆ ಎ, ತೋರುಬೆರಳು ಇ, ನಡುಬೆರಳು ಐ, ಉಂಗುರ ಬೆರಳು ಓ, ಕಿರುಬೆರಳು ಯು. ಅಂಗೈ ಮೇಲೆ ಮೂರು ಬೆರಳಿಟ್ಟರೆ ಎಂ, ಎರಡಿಟ್ಟರೆ ಎನ್. ಉಮಾ ಅಂತ ಹೆಸರಿದ್ದರೆ ಕಿರುಬೆರಳು, ಅಂಗೈ, ಹೆಬ್ಬೆರಳು. ಎಷ್ಟು ಚೆಂದ ಅಲ್ವಾ! ಈ ವಿನ್ಯಾಸ ನಮ್ಮದೇ ಆಗಿರುವಾಗ ಬೇರೆ ಊರಿನ ಕೈ ಯಾಕೆ ಬೇಕು?

ನಮ್ಮ ವೈನಿಗೆ, ಅಂದರೆ ಅತ್ತಿಗೆಗೆ, ಕಿವಿ ಕೇಳಿಸುವುದಿಲ್ಲ. ಒಮ್ಮೆ ಅವರಿಗೆಂದು ದಿಂಬಿನ ಕವರಿನ ಮೇಲೆ 'ಐ ಲವ್ ಯೂ' ಸನ್ನೆ ಹೊಲಿದಿದ್ದೆ. ಅದಕ್ಕೆ ಹೆಬ್ಬೆರಳು, ತೋರುಬೆರಳು, ಕಿರುಬೆರಳು ಮೂರೂ ಚಾಚಿರಬೇಕು. ನಾನು ಹೆಬ್ಬೆರಳನ್ನು ಮಡಚಿಬಿಟ್ಟಿದ್ದೆ. ಅದು ರಾಕ್ ಸಂಗೀತದವರ ಕೊಂಬಿನ ಸನ್ನೆ ಆಗಿತ್ತು. ವೈನಿ ನನ್ನ ಕೈ ಹಿಡಿದು ಹೆಬ್ಬೆರಳನ್ನು ಮೆಲ್ಲಗೆ ಹೊರಗೆ ಎಳೆದರು. ಅವತ್ತು ರಾತ್ರಿಯೇ ಕೂತು ಹೊಲಿಗೆ ಬಿಚ್ಚಿದೆ. ಕಾಗುಣಿತ ತಪ್ಪಿದ ಹೆಸರಿನ ಬೋರ್ಡನ್ನು ಯಾರೂ ಬಾಗಿಲಿಗೆ ಹಾಕುವುದಿಲ್ಲವಲ್ಲ.

ಇನ್ನು ಹೊಲಿಗೆಯ ವಿಷಯ. ಕಸೂತಿಯ ಗವಂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಗೆರೆ ನೇರ ಬರುತ್ತದೆ, ದುಂಡು ಬರುವುದಿಲ್ಲ. ಬೆರಳ ತುದಿ ಮೊಂಡಾಗಿ, ಯಾವ ಬೆರಳು ಯಾವುದನ್ನು ಮುಟ್ಟಿದೆ ಅಂತಲೇ ತಿಳಿಯುವುದಿಲ್ಲ. ಅದಕ್ಕೇ ಕೈಗಳನ್ನು ಚೈನ್ ಸ್ಟಿಚ್‌ನಲ್ಲಿ ಹಾಕುತ್ತೇನೆ. ಗೋಪುರ, ತೇರಿನ ಕಸೂತಿ ಅಂಚಿಗೆ ಮಾತ್ರ. ಬೆರಳುಗಳ ಮೇಲೆ ಒಂದು ಬಳ್ಳಿಯನ್ನೂ ಹಾಯಿಸುವುದಿಲ್ಲ. ಬಟ್ಟೆಗೆ ಸೂಜಿ ಹಾಕುವ ಮೊದಲು ಚಿತ್ರವನ್ನು ವೈನಿಗೆ ತೋರಿಸುತ್ತೇನೆ. ಅವರು ತಡವರಿಸದೆ ಓದಿದರೆ ಮಾತ್ರ ಮುಂದಿನ ಕೆಲಸ.

ಮತ್ತೆ, ಚಿಕ್ಕ ಕರ್ಚೀಫಿನ ಮೇಲೆ ಕೇಳಬೇಡಿ. ಉಮಾ ಅನ್ನುವ ಪುಟ್ಟ ಹೆಸರಿಗೂ ಆರು ಕೈ ಹಿಡಿಸಬೇಕು. ಅಷ್ಟು ಸಣ್ಣದಾದರೆ ಯು ಮತ್ತು ಎ ಎರಡೂ ಒಂದೇ ಥರ ಕಾಣುತ್ತವೆ.