ಬಾಡಿಗೆಗೆಂದು ಫ್ಲಾಟ್ ಕೊಳ್ಳುವಾಗ ಬ್ರೋಕರ್‌ನ ಕೇಳಬೇಕಾದ್ದು

ಬೆಂಗಳೂರಲ್ಲಿ ಬಾಡಿಗೆ ಆದಾಯಕ್ಕೆಂದು ಫ್ಲಾಟ್ ಕೊಳ್ಳುವವರ ಕಾಗದಪತ್ರ ನೋಡುವುದು ನಮ್ಮ ಕೆಲಸ. ಇಲ್ಲಿ ಎಡವಟ್ಟು ಶುರುವಾಗುವುದು ಹೆಚ್ಚಾಗಿ ಬೆಲೆಯಿಂದಲ್ಲ, ಬ್ರೋಕರ್ ಬಾಯಲ್ಲಿ ಬರುವ ಬಾಡಿಗೆಯಿಂದ. ಅದು ಮಾಲೀಕರು ಕೇಳುತ್ತಿರುವ ಬಾಡಿಗೆ; ಕೈಗೆ ಬರುತ್ತಿರುವುದು ಬೇರೆ. ಅದೇ ಕಟ್ಟಡದಲ್ಲಿ ಇತ್ತೀಚೆಗೆ ಆದ ಎರಡು ಮೂರು ಬಾಡಿಗೆ ಕರಾರು ತೋರಿಸಿ ಅನ್ನಿ. ಬರೀ ಮಾರಾಟ ಮಾಡಿಸುವವರ ಹತ್ತಿರ ಅವು ಇರುವುದಿಲ್ಲ, ಆ ಬೀದಿಗೆ ಬಾಡಿಗೆದಾರರನ್ನು ತರುವವರ ಹತ್ತಿರ ಇರುತ್ತವೆ.

80 ಲಕ್ಷದ ಫ್ಲಾಟ್, ತಿಂಗಳಿಗೆ 28,000 ಅಂದರೆ ವರ್ಷಕ್ಕೆ ಶೇ. 4.2 ಅಂತ ಲೆಕ್ಕ ಹೇಳುತ್ತಾರೆ. ಆ 28,000ದಲ್ಲಿ ಮೇಂಟೆನೆನ್ಸ್ ಸೇರಿದೆಯಾ ಕೇಳಿ. ಸೇರಿದ್ದರೆ 1,150 ಚದರಡಿಗೆ 4 ರೂಪಾಯಿಯಂತೆ ತಿಂಗಳಿಗೆ 4,600 ನಿಮ್ಮ ಜೇಬಿಂದ, ಮನೆ ಖಾಲಿ ಇದ್ದಾಗಲೂ. ವರ್ಷದಲ್ಲಿ ಒಂದು ತಿಂಗಳು ಖಾಲಿ, ಒಂದು ತಿಂಗಳ ಬಾಡಿಗೆ ಬ್ರೋಕರೇಜ್ ಅಂತ ಹಿಡಿದರೆ ಉಳಿಯುವುದು 2,24,800. ಮುದ್ರಾಂಕ, ನೋಂದಣಿ ಸೇರಿ ಸುಮಾರು ಶೇ. 7.6, ಖರೀದಿ ಕಮಿಷನ್ ಶೇ. 1 ಸೇರಿಸಿದರೆ ಹೂಡಿದ್ದು 86.88 ಲಕ್ಷ. ಶೇ. 4.2 ಹೋಗಿ ಶೇ. 2.6 ಆಯಿತು, ಆಸ್ತಿ ತೆರಿಗೆ ಇನ್ನೂ ಕಳೆದಿಲ್ಲ.

ಇದಕ್ಕಿಂತ ದೊಡ್ಡ ಹೊಡೆತ ಭೋಗ್ಯದ್ದು. ಮಾರುವವರು 15 ಲಕ್ಷ ಒಟ್ಟಿಗೆ ತಗೊಂಡು ಮನೆಯನ್ನು ಭೋಗ್ಯಕ್ಕೆ (ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಆ ಹಣ ವಾಪಸ್) ಕೊಟ್ಟಿರುತ್ತಾರೆ, ಬ್ರೋಕರ್ ಮಾತ್ರ 'ಬಾಡಿಗೆಗಿದ್ದಾರೆ' ಅನ್ನುತ್ತಾರೆ. ಪತ್ರ ನೋಂದಣಿ ಆಗಿರದಿದ್ದರೆ ಇ.ಸಿ.ಯಲ್ಲಿ (ಆಸ್ತಿಯ ಮೇಲಿನ ಋಣಭಾರ ಪ್ರಮಾಣಪತ್ರ) ಕಾಣುವುದೇ ಇಲ್ಲ. ಆದರೆ ಒಳಗೆ ವಾಸವಿದ್ದವರ ಹಕ್ಕು ನಿಮಗೆ ಗೊತ್ತಿತ್ತು ಎಂದೇ ಕಾನೂನು ಹಿಡಿಯುತ್ತದೆ. ಹಾಗಾಗಿ ಟೋಕನ್ ಕೊಡುವ ಮೊದಲು ಬ್ರೋಕರ್ ಇಲ್ಲದ ಹೊತ್ತಲ್ಲಿ ಬಾಗಿಲು ತಟ್ಟಿ: ಭೋಗ್ಯವೋ ಬಾಡಿಗೆಯೋ, ಅಡ್ವಾನ್ಸ್ ಎಷ್ಟು, ಯಾವಾಗಿನವರೆಗೆ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡುತ್ತಾರೆ. ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಸಿ, ಆಮೇಲೆ ಬ್ರೋಕರ್ ಮೂಲಕ ಅವರ ಸಹಿ ಹಾಕಿಸಿಕೊಳ್ಳಿ. ಆ ಅಡ್ವಾನ್ಸನ್ನು ಮುಂದೆ ವಾಪಸ್ ಕೊಡಬೇಕಾದವರು ನೀವು, ಆದ್ದರಿಂದ ಅಷ್ಟು ಹಣ ಕ್ರಯದ ಮೊತ್ತದಲ್ಲೇ ಮುರಿದುಕೊಳ್ಳಬೇಕು. ಇದನ್ನು ನೋಂದಣಿ ದಿನ ಎತ್ತಿದರೆ ಜಗಳ; ಕ್ರಯದ ಕರಾರು ಬರೆಯುವಾಗಲೇ ಎತ್ತಿ.

ಹೊಸ ಪ್ರಾಜೆಕ್ಟ್ ಆದರೆ ಬ್ರೋಕರ್‌ನ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ತಾಣದಲ್ಲಿ ನೋಡಿ. ಕಮಿಷನ್ ಎಷ್ಟು, ಮಾರುವವರಿಂದಲೂ ತಗೊಳ್ಳುತ್ತಾರಾ ಎಂಬುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಎರಡೂ ಕಡೆ ತಗೊಳ್ಳುವುದು ತಪ್ಪೇನಲ್ಲ, ಆದರೆ ಅಂಥವರು ನಿಮ್ಮ ಪರ ಚೌಕಾಸಿ ಮಾಡುತ್ತಾರೆಂದು ನಂಬಬೇಡಿ. ಟೋಕನ್ ದಿನ ಅರ್ಧ ಕಮಿಷನ್ ಕೇಳುವುದುಂಟು. ಕ್ರಯಪತ್ರ ನೋಂದಣಿಯಾದ ಮೇಲೇ ಪೂರ್ತಿ ಕೊಡುತ್ತೇವೆ ಅನ್ನಿ; ಬಾಡಿಗೆದಾರರ ಸಹಿ ತಂದುಕೊಡುವ ಓಡಾಟ ಅಲ್ಲಿಯವರೆಗೂ ಬ್ರೋಕರ್‌ದೇ.