ಮೊದಲ ಸಲ ಒತ್ತಿದರೆ ಮಾತ್ರ ಧಡ್

ಗಣೇಶನ ಸೀಸನ್ ಬಂತೆಂದರೆ ನಮ್ಮ ಸರ್ವಿಸ್ ಅಂಗಡಿಯಲ್ಲಿ ಆರ್ಕೆಸ್ಟ್ರಾದವರದ್ದೇ ಸಾಲು. ಎಲ್ಲರಿಗೂ ನಾಳೆಗೇ ಬೇಕು. ಒಬ್ಬ ಗಿಟಾರಿಸ್ಟ್ ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಕರಕರ ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ, ತಂದು ಕೌಂಟರ್ ಮೇಲಿಟ್ಟರು. “ಸೋಲೋದಲ್ಲಿ ನಾನು ಕೇಳ್ಸೋದೇ ಇಲ್ಲ ಗುರೂ, ಕೀಬೋರ್ಡ್‌ನವನು ನುಂಗಿಹಾಕ್ತಾನೆ. ಇದಕ್ಕೇ ಇನ್ನೊಂದು ಸ್ವಿಚ್ ಹಾಕಿ ವಾಲ್ಯೂಮ್ ಎತ್ತೋ ಹಾಗೆ ಮಾಡ್ಕೊಡಿ.” ನಾನು ಬಾಯಿ ಬಿಡುವ ಮೊದಲೇ ಓನರ್ “ಸಂಜೆ ಬನ್ನಿ ಸಾರ್, ರೆಡಿ ಇರುತ್ತೆ” ಅಂದುಬಿಟ್ಟರು.

ಬೂಸ್ಟ್, ಅಂದರೆ ವಾಲ್ಯೂಮ್ ಎತ್ತುವ ಸರ್ಕ್ಯೂಟ್, ಎಲ್ಲಿ ಕೂರಬೇಕು ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಡ್ರೈವ್‌ಗೆ ಮುಂಚೆ ಹಾಕಿದರೆ ವಾಲ್ಯೂಮ್ ಅಷ್ಟೇನೂ ಏರಲ್ಲ. ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಐಸಿ) ಫೀಡ್‌ಬ್ಯಾಕಿನ ಡಯೋಡ್‌ಗಳು ಸಿಗ್ನಲ್ಲಿನ ತಲೆ ಇನ್ನಷ್ಟು ಕತ್ತರಿಸುತ್ತವೆ, ಕರಕರ ಜಾಸ್ತಿಯಾಗುತ್ತೆ, ಅಷ್ಟೇ. ಹಾಗಾಗಿ ಲೆವೆಲ್ ಪಾಟ್ (ಪೆಡಲ್‌ನ ವಾಲ್ಯೂಮ್ ತಿರುಗಣಿ) ದಾಟಿದ ಮೇಲೆಯೇ ಹಾಕಬೇಕು. ಅಲ್ಲಿಗೆ ಹಲವರು ಎಲ್‌ಪಿಬಿ-1 ಅನ್ನೋ ಒಂದೇ ಟ್ರಾನ್ಸಿಸ್ಟರಿನ ಬೂಸ್ಟ್ ಸರ್ಕ್ಯೂಟ್ ತುರುಕುತ್ತಾರೆ. ಕಲೆಕ್ಟರಿಗೆ 10ಕೆ, ಎಮಿಟರಿಗೆ 390 ಓಮ್, ಗೇನ್ ಸುಮಾರು 25, ಅಂದರೆ ಸಿಗ್ನಲ್ ಅಷ್ಟು ಪಟ್ಟು. ಗಿಟಾರಿನಿಂದ ನೇರ ಬರುವ ಸಿಗ್ನಲ್‌ಗೆ ಸರಿ. ಡ್ರೈವ್ ಆದ ಮೇಲೆ 9 ವೋಲ್ಟ್‌ನಲ್ಲಿ ಅದೂ ಒಡೆದು ಇನ್ನೊಂದು ಫಜ್ ಆಗುತ್ತೆ. ಸೋಲೋಗೆ 6ರಿಂದ 10 ಡಿಬಿ, ಅಂದರೆ ಎರಡು ಮೂರು ಪಟ್ಟು, ಸಾಕು.

ಅದಕ್ಕೇ ಟಿಎಲ್071 ಅನ್ನೋ ಇನ್ನೊಂದು ಆಪ್‌ಆಂಪ್ ಕೂರಿಸಿದೆ. ಬಯಾಸ್ (ಸಿಗ್ನಲ್ ಮೇಲೆ ಕೆಳಗೆ ಆಡಲು ಬೇಕಾದ ನಡು ವೋಲ್ಟೇಜ್) ಪೆಡಲ್‌ನದ್ದೇ 4.5 ವೋಲ್ಟ್. ಫೀಡ್‌ಬ್ಯಾಕ್‌ಗೆ 22ಕೆ, ಗ್ರೌಂಡ್ ಕಡೆಗೆ 10ಕೆ, ಅದರ ಕೆಳಗೆ 10 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ಫುಟ್‌ಸ್ವಿಚ್ ಆ 10ಕೆ ಮತ್ತು ಕೆಪ್ಯಾಸಿಟರ್ ನಡುವೆ. ಆನ್ ಆದರೆ ಗೇನ್ 3.2, ಆಫ್ ಆದರೆ 1. ಸಿಗ್ನಲ್ ಸ್ವಿಚ್ ಮೂಲಕ ಹಾಯುವುದೇ ಇಲ್ಲ. ಕಾಗದದ ಮೇಲೆ ಬಲು ಚೆಂದ.

ಟೆಸ್ಟಿಂಗ್‌ಗೆ ನಮ್ಮ ಹತ್ರ ಇರುವುದು ಒಂದು ಪುಟಾಣಿ ಆಂಪ್. ಪಕ್ಕದ ಟೈಲರ್ ಬೈತಾರೆ ಅಂತ ಅದರ ವಾಲ್ಯೂಮ್ ಯಾವಾಗಲೂ ಎರಡರಲ್ಲೇ ಇರುತ್ತೆ. ಮೊದಲ ಸಲ ಒತ್ತಿದಾಗ ಸಣ್ಣಗೆ ಧಡ್ ಅಂತು. ಟಕಟಕ ಅಂತ ಮತ್ತೆ ಮತ್ತೆ ಒತ್ತಿದೆ, ಏನೂ ಇಲ್ಲ. ಆಗಷ್ಟೇ ಅಡಾಪ್ಟರ್ ಚುಚ್ಚಿದ್ದೆನಲ್ಲ, ಅದರದ್ದೇ ಸದ್ದು ಅಂದುಕೊಂಡು ಮುಚ್ಚಳ ಹಾಕಿದೆ.

ರಾತ್ರಿ ಫೋನ್. ಹಿಂದೆ ಯಾರೋ ಹಾಡುತ್ತಿದ್ದರು. “ಸೋಲೋಗೆ ಒತ್ತಿದ ತಕ್ಷಣ ಬಾಕ್ಸ್‌ನಲ್ಲಿ ಧಡ್ ಅಂತು ಸಾರ್, ಬಾಂಬ್ ಬಿದ್ದ ಹಾಗೆ. ಸೌಂಡಿನವನು ನನ್ನ ಚಾನಲ್ಲೇ ಇಳಿಸಿಬಿಟ್ಟ!” ಈಗ ಇನ್ನೊಮ್ಮೆ ಒತ್ತಿ ಅಂದೆ. ಒತ್ತಿದರು. “ಈಗ ಬರ್ತಿಲ್ಲ.” ಫೋನ್ ಇಟ್ಟರು. ಎರಡು ಹಾಡು ಆದ ಮೇಲೆ ಮತ್ತೆ ಫೋನ್, ಮತ್ತೆ ಧಡ್. ಜಾಕ್ ನೋಡಿ, ಅಡಾಪ್ಟರ್ ಬದಲಿಸಿ ಅಂತ ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಆ ಕಡೆಯಿಂದ ಅವರ ಹೆಸರು ಕೂಗುತ್ತಿದ್ದಾರೆ. ಕೊನೆಗೆ, “ಬೂಸ್ಟ್ ಆನ್ ಮಾಡಿಯೇ ಬಿಟ್ಟುಬಿಡಿ. ಗಿಟಾರಿನ ವಾಲ್ಯೂಮ್ ಇಳಿಸಿ ಬಾರಿಸಿ, ಸೋಲೋಗೆ ಏರಿಸಿ” ಅಂದೆ. ರಿದಮ್ ಸ್ವಲ್ಪ ಕ್ಲೀನ್ ಆಯ್ತಂತೆ, ಆದರೂ ಪ್ರೋಗ್ರಾಂ ದಾಟಿತು.

ತಪ್ಪು ಇದ್ದದ್ದು ಆ ಕೆಪ್ಯಾಸಿಟರ್‌ನಲ್ಲಿ. ಸ್ವಿಚ್ ಆನ್ ಇದ್ದಾಗ ಅದು 4.5 ವೋಲ್ಟ್‌ಗೆ ಚಾರ್ಜ್ ಆಗಿರುತ್ತೆ. ಆಫ್ ಮಾಡಿದರೆ ಗಾಳಿಯಲ್ಲಿ ನೇತಾಡುತ್ತಾ ನಿಧಾನಕ್ಕೆ ಸೋರುತ್ತೆ. ಎಸ್.ಪಿ. ರೋಡಿನ ಅಗ್ಗದ ಎಲೆಕ್ಟ್ರೋಲಿಟಿಕ್ ಬೇರೆ, ಜಾಸ್ತಿಯೇ ಸೋರುತ್ತೆ. ಮತ್ತೆ ಒತ್ತಿದಾಗ ಕಡಿಮೆಯಾದ ವೋಲ್ಟೇಜ್ ಒಮ್ಮೆಲೇ ತುಂಬಬೇಕು. ಒಂದು ವೋಲ್ಟ್ ಸೋರಿದ್ದರೂ ಔಟ್‌ಪುಟ್ ಎರಡು ವೋಲ್ಟಿಗಿಂತ ಜಾಸ್ತಿ ಜಿಗಿಯುತ್ತೆ. ಬೆಂಚಿನ ಮೇಲೆ ಟಕಟಕ ಒತ್ತುವವನಿಗೆ ಸೋರಲು ಟೈಮೇ ಸಿಗಲ್ಲ. ಸ್ಟೇಜಿನಲ್ಲಿ ಒಂದು ಸೋಲೋಗೂ ಇನ್ನೊಂದಕ್ಕೂ ನಡುವೆ ಪಲ್ಲವಿ, ಚರಣ, ನಿರೂಪಕರ ಜೋಕು ಎಲ್ಲ ಇರುತ್ತೆ.

ರಿಪೇರಿ ಅಂದರೆ ಸ್ವಿಚ್‌ಗೆ ಅಡ್ಡಲಾಗಿ ಒಂದು 1 ಮೆಗಾಓಮ್ ರೆಸಿಸ್ಟರ್. ಆಫ್ ಇದ್ದಾಗಲೂ ಕೆಪ್ಯಾಸಿಟರ್ ಚಾರ್ಜ್ ಆಗಿಯೇ ಇರುತ್ತೆ, ಗೇನ್ ಮೇಲೆ ಹೆಚ್ಚುಕಡಿಮೆ ಏನೂ ಪರಿಣಾಮ ಇಲ್ಲ. ಕೆಪ್ಯಾಸಿಟರನ್ನೂ 1 ಮೈಕ್ರೋಫ್ಯಾರಡ್‌ನ, ಅಷ್ಟಾಗಿ ಸೋರದ ಫಿಲ್ಮ್ ಜಾತಿಯದ್ದಕ್ಕೆ ಬದಲಿಸಿದೆ. ಕಟ್‌ಆಫ್ (ಅದಕ್ಕಿಂತ ಕೆಳಗಿನ ಸ್ವರಕ್ಕೆ ಬೂಸ್ಟ್ ಕಡಿಮೆಯಾಗುವ ಗಡಿ) 16 ಹರ್ಟ್ಸ್, ಗಿಟಾರಿನ ದಪ್ಪ ಇ ತಂತಿಯೇ 82. ಅಲ್ಲಿಗೆ ಹತ್ತು ಹಾಕಿದ್ದು ಸುಮ್ನೆ ಧಾರಾಳತನ.

ಈಗ ಬೂಸ್ಟ್ ಹಾಕಿದ ಪೆಡಲ್‌ಗೆ ಕರೆಂಟ್ ಕೊಟ್ಟು, ಮುಟ್ಟದೆ ಬಿಟ್ಟು ಟೀಗೆ ಹೋಗುತ್ತೇನೆ. ಬಂದ ಮೇಲೆ ವಾಲ್ಯೂಮ್ ಪೂರ್ತಿ ಏರಿಸಿ ಒಂದೇ ಸಲ ಒತ್ತುವುದು. ಟೈಲರ್ ಬೈತಾರೆ. ಟೀಗೆ ಇದೊಂದು ಹೊಸ ನೆಪ ಅಂತ ಓನರೂ ಬೈತಾರೆ.