ಆಪರೇಷನ್ ಆಗಿದ್ದು ಹೊಟ್ಟೆಗೆ, ಸೋತಿದ್ದು ಕಾಲು ಯಾಕೆ?

ನಾನು ಫಿಸಿಯೋಥೆರಪಿಸ್ಟ್. ಹನುಮಂತನಗರ, ಗಿರಿನಗರ, ಬಸವನಗುಡಿ ಕಡೆಯ ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಹೊಟ್ಟೆಯ ದೊಡ್ಡ ಆಪರೇಷನ್ ಆದವರ ಮನೆಯಲ್ಲಿ ಒಂದು ಪ್ರಶ್ನೆ ತಪ್ಪದೇ ಬರುತ್ತದೆ. ಕರುಳಿನ ಆಪರೇಷನ್ ಆಗಿದ್ದ ಹಿರಿಯರೊಬ್ಬರು ಮೊನ್ನೆ ಹೀಗೆ ಕೇಳಿದರು: "ಕೊಯ್ದಿದ್ದು ಹೊಟ್ಟೆ. ಹೊಲಿಗೆ ಬಿಚ್ಚಿ ತಿಂಗಳಾಯ್ತು, ಗಾಯ ಚೆನ್ನಾಗಿ ಮಾಗಿದೆ ಅಂದ್ರು ಡಾಕ್ಟರು. ಮತ್ತೆ ಕಾಲು ಯಾಕಮ್ಮ ಹೀಗೆ ನಡುಗುತ್ತೆ?" ಅವರ ಮನೆ ಎರಡನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಆಸ್ಪತ್ರೆಯಿಂದ ಬಂದ ದಿನ ಕುರ್ಚಿಯಲ್ಲಿ ಕೂರಿಸಿ ಹತ್ತಿಸಿದ್ದರಂತೆ. ಆಮೇಲೆ ಅವರು ಕೆಳಗೆ ಇಳಿದೇ ಇರಲಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಹೊಟ್ಟೆಯ ಗಾಯ ಮಾಗಿಸಲು ಬೇಕಾದ ಸಾಮಾನನ್ನು ದೇಹ ಕಾಲಿನ ಸ್ನಾಯುವಿನಿಂದ ತೆಗೆದುಕೊಂಡಿದೆ.

ಆಪರೇಷನ್ ನಮ್ಮ ಒಳ್ಳೆಯದಕ್ಕೇ ಆಗಿರಬಹುದು, ಆದರೆ ದೇಹದ ಪಾಲಿಗೆ ಅದೊಂದು ದೊಡ್ಡ ಪೆಟ್ಟು. ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳು ಏರುತ್ತವೆ, ಉರಿಯೂತ ಶುರುವಾಗುತ್ತದೆ. ಗಾಯ ಕೂಡಲು, ಸೋಂಕನ್ನು ತಡೆಯಲು ಪ್ರೋಟೀನ್ ಬೇಕೇ ಬೇಕು. ಕೊಬ್ಬನ್ನು ದೇಹ ಕೂಡಿಡುತ್ತದೆ. ಪ್ರೋಟೀನ್‌ಗೆ ಅಂತ ಬೇರೆ ಕಣಜ ಇಲ್ಲ, ಸ್ನಾಯುವೇ ಕಣಜ. ಅದರಲ್ಲಿ ದೊಡ್ಡ ಪಾಲು ಇರುವುದು ತೊಡೆ ಮತ್ತು ಸೊಂಟದ ಸುತ್ತ. ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್ ಅವರು 1930ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಪ್ರೋಟೀನ್ ಕರಗಿದಾಗ ಅದರ ಸಾರಜನಕ ಮೂತ್ರದಲ್ಲಿ ಹೊರಹೋಗುತ್ತದೆ. ಕಾಲಿನ ಮೂಳೆ ಮುರಿದವರ ಮೂತ್ರದಲ್ಲಿ ಅದು ಎಷ್ಟು ಹೋಗುತ್ತಿದೆ ಎಂದು ಅವರು ಅಳೆದು ನೋಡಿದರು. ಪೆಟ್ಟು ಬಿದ್ದ ಜಾಗವೊಂದರಿಂದಲೇ ಅಷ್ಟು ಬರಲು ಸಾಧ್ಯವಿರಲಿಲ್ಲ. ಇಡೀ ಮೈಯ ಸ್ನಾಯು ಕರಗುತ್ತಿತ್ತು.

ಇದರ ಜೊತೆಗೆ ಹಾಸಿಗೆ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆರೋಗ್ಯವಾಗಿದ್ದ ಹಿರಿಯರನ್ನು ಸುಮ್ನೆ 10 ದಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಕಾಯಿಲೆ ಇಲ್ಲ, ಆಪರೇಷನ್ ಇಲ್ಲ, ಊಟವೂ ಸರಿಯಾಗಿತ್ತು. ಆದರೂ ಕಾಲುಗಳಿಂದ ಹೆಚ್ಚುಕಮ್ಮಿ ಒಂದು ಕೆಜಿ ಸ್ನಾಯು ಹೋಗಿತ್ತು! ಇನ್ನು ಆಪರೇಷನ್ ಆಗಿ, ಸರಿಯಾಗಿ ಊಟ ಸೇರದೆ ಮಲಗಿದವರ ಗತಿ ಏನಾಗಬೇಡ? ತೂಕ ಅಷ್ಟೇನೂ ಇಳಿದಿಲ್ಲ ಅಂತ ಸಮಾಧಾನ ಪಡಬೇಡಿ. ಮೈಯಲ್ಲಿ ನೀರು ತುಂಬಿಕೊಂಡರೆ ತಕ್ಕಡಿಯಲ್ಲಿ ನಷ್ಟ ಕಾಣುವುದಿಲ್ಲ. ತೊಡೆ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ನಮ್ಮ ತಂದೆಗೆ ಹೊಟ್ಟೆಯ ಆಪರೇಷನ್ ಆದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಆರು ವಾರ ಅವರನ್ನು ಹಾಸಿಗೆ ಬಿಟ್ಟು ಏಳಲು ನಾವು ಬಿಡಲಿಲ್ಲ. ನೀರಿನ ಲೋಟವನ್ನೂ ಕೈಗೇ ಕೊಟ್ಟೆವು. ಮೂರು ಹೊತ್ತೂ ಗಂಜಿ. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ದಿನಾ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ಬರುತ್ತಿದ್ದವರು ಅವರು. ಮತ್ತೆ ಹತ್ತಲಿಲ್ಲ. ಈ ಪ್ರಶ್ನೆಗೆ ನಾನು ಇಷ್ಟುದ್ದ ಉತ್ತರ ಕೊಡುವುದು ಅದಕ್ಕೇ.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜಾಸ್ತಿ ತಪ್ಪಾಗುವುದು ಇಲ್ಲೇ. "ಬೇಳೆ ಕೊಟ್ಟರೆ ಕೀವಾಗುತ್ತೆ", "ಮೊಟ್ಟೆ ನಂಜು", "ಹಾಲು ಬೇಡ, ಮೊಸರು ಶೀತ". ಒಂದು ಮನೆಯಲ್ಲಿ ಅಜ್ಜಿ, ಇನ್ನೊಂದು ಮನೆಯಲ್ಲಿ ಅತ್ತೆ, ಮತ್ತೊಂದು ಕಡೆ ಪಕ್ಕದ ಮನೆಯವರು ಹೇಳಿರುತ್ತಾರೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ತೊಗರಿಬೇಳೆಯಿಂದಲ್ಲ. ಪಥ್ಯ ಅಂತ ಬಿಟ್ಟಿದ್ದನ್ನೆಲ್ಲ ಪಟ್ಟಿ ಮಾಡಿದರೆ ಗಾಯಕ್ಕೆ ಬೇಕಾದ ಪದಾರ್ಥಗಳೇ ಅದರಲ್ಲಿರುತ್ತವೆ. ಆ ಹಿರಿಯರ ಸೊಸೆಯ ಜೊತೆ ಕೂತು ಒಂದು ದಿನದ ಲೆಕ್ಕ ಹಾಕಿದೆ. ಬೆಳಿಗ್ಗೆ ಗಂಜಿ, ಎರಡು ಸಲ ಕಾಫಿ, ಎರಡು ಬಿಸ್ಕತ್ತು, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಮತ್ತೆ ಗಂಜಿ. ಎಲ್ಲ ಸೇರಿ ಪ್ರೋಟೀನ್ 20 ಗ್ರಾಂ ಆಸುಪಾಸು. ಆರೋಗ್ಯವಾಗಿರುವ ವಯಸ್ಕರಿಗೇ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ದೊಡ್ಡ ಆಪರೇಷನ್ ಆದವರಿಗೆ 1.5 ಗ್ರಾಂ ಎಂಬುದು ಯುರೋಪಿನ ಪೋಷಣಾ ತಜ್ಞರ ಸಲಹೆ. ಅಂದರೆ 60 ಕೆಜಿ ಇರುವವರಿಗೆ ದಿನಕ್ಕೆ 90 ಗ್ರಾಂ. ಆ ಸೊಸೆ ಒಂದು ನಿಮಿಷ ಸುಮ್ಮನೆ ಕೂತುಬಿಟ್ಟರು. ತಪ್ಪು ಅವರದ್ದಲ್ಲ. ಡಿಸ್ಚಾರ್ಜ್ ಆಗುವಾಗ ಮಾತ್ರೆಯ ಹೊತ್ತನ್ನು ಎಲ್ಲರೂ ಬಿಡಿಸಿ ಹೇಳುತ್ತಾರೆ, ತಟ್ಟೆಯಲ್ಲಿ ಏನಿರಬೇಕು ಅನ್ನುವುದನ್ನು ಅಷ್ಟು ಬಿಡಿಸಿ ಹೇಳುವವರು ಕಡಿಮೆ.

90 ಗ್ರಾಂ ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. 50 ಗ್ರಾಂ ಪನೀರ್‌ನಲ್ಲಿ 9, ಒಂದು ಹಿಡಿ ಕಡಲೆಬೀಜದಲ್ಲಿ 7. ಬೇಳೆ ಗ್ಯಾಸ್ ಆಗುತ್ತೆ ಅನ್ನುವ ದೂರು ನಿಜ, ಅದನ್ನು ತಳ್ಳಿಹಾಕಲ್ಲ. ಅಂಥವರಿಗೆ ಹೆಸರುಬೇಳೆ ಹಗುರ. ಸಾರಿನ ತಿಳಿ ಬಿಟ್ಟು ತಳದ ಗಟ್ಟಿ ಬಡಿಸಿ. ರಾಗಿ ಗಂಜಿಗೆ ನೀರಿನ ಬದಲು ಹಾಲು ಹಾಕಿ, ಒಂದು ಚಮಚ ಹುರಿಗಡಲೆ ಪುಡಿ ಕಲಸಿ. ಮಾಂಸ ತಿನ್ನುವವರ ಮನೆಯಲ್ಲಿ ಕಾಲು ಸೂಪ್ ಕೊಡುತ್ತಾರೆ. ಬಾಯಿಗೆ ಹಿತ, ಕುಡಿಯಲಿ. ಅದರ ಜೊತೆ ಕೋಳಿಯೋ ಮೀನೋ ನಾಲ್ಕು ತುಂಡು ಇರಲಿ. ಒಟ್ಟಿಗೆ ತಿನ್ನಲು ಆಗದಿದ್ದರೆ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸಬೇಡಿ.

ಆದರೆ ತಿಂದು ಮಲಗಿದರೆ ಸ್ನಾಯು ಬರುವುದಿಲ್ಲ. ಕೆಲಸ ಕೊಟ್ಟರೇ ಅದು ಬೆಳೆಯುವುದು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರನ್ನು ಬೇಗ ಎಬ್ಬಿಸಿ ನಡೆಸಿ, ಬೇಗ ಊಟ ಕೊಟ್ಟು, ನೋವಿಗೆ ಸರಿಯಾದ ಔಷಧ ಕೊಟ್ಟು, ಕೆಲವೇ ದಿನಗಳಲ್ಲಿ ಮನೆಗೆ ಕಳಿಸಿ ತೋರಿಸಿದರು. ಈಗ ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲೂ ಮಾರನೇ ದಿನವೇ ಎಬ್ಬಿಸುತ್ತಾರೆ. ಮನೆಗೆ ಬಂದ ಮೇಲೆ ನಾವೇ ಮಲಗಿಸಿಬಿಡುತ್ತೇವೆ.

ನಾನು ಶುರು ಮಾಡಿಸುವುದು ಒಂದು ಕುರ್ಚಿಯಿಂದ. ಗೋಡೆಗೆ ಒರಗಿಸಿದ, ಕೈ ಇರುವ ಗಟ್ಟಿ ಕುರ್ಚಿ. ಕೂತು ಏಳುವುದು, ಐದು ಸಲ. ಬೆಳಿಗ್ಗೆ ಐದು, ಸಂಜೆ ಐದು. ಉಸಿರು ಕಟ್ಟಬಾರದು, ಏಳುವಾಗ ಉಸಿರು ಬಿಡಬೇಕು. ಮೊದಲು ಕುರ್ಚಿಯ ಕೈ ಹಿಡಿದು, ಎರಡು ವಾರದಲ್ಲಿ ಹಿಡಿಯದೆ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಹಾಲ್‌ನಲ್ಲಿ ನಡಿಗೆ, ಆಮೇಲೆ ಒಂದೊಂದೇ ಮೆಟ್ಟಿಲು. ಹಾಸಿಗೆಯಿಂದ ಏಳುವಾಗ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ ಕೈ ಊರಿ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಒಂದು ಕಾಲು ಮಾತ್ರ ಊದಿದರೆ, ಉಸಿರಾಡಲು ಕಷ್ಟವಾದರೆ, ಜ್ವರ ಬಂದರೆ ವ್ಯಾಯಾಮ ಬಿಟ್ಟು ಆಸ್ಪತ್ರೆಗೆ ಹೋಗಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಭಾರ. ಹೊರಗೆ ಚರ್ಮ ಕೂಡಿಕೊಂಡಿರುತ್ತದೆ, ಆದರೆ ಒಳಗಿನ ಗಟ್ಟಿ ಪದರಕ್ಕೆ ಆರು ವಾರದಲ್ಲಿ ಬಂದಿರುವುದು ಸುಮಾರು ಅರ್ಧ ಬಲ. ಅಂಥ ಸಮಯದಲ್ಲಿ 20 ಲೀಟರ್ ನೀರಿನ ಕ್ಯಾನ್ ಎತ್ತಿದರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗಬಹುದು. ಎಷ್ಟು ಭಾರ, ಯಾವಾಗಿಂದ ಅನ್ನುವುದನ್ನು ನಿಮ್ಮ ಸರ್ಜನ್ ಹೇಳಬೇಕು. ನಡಿಗೆಗೆ ಆ ಭಯ ಬೇಡ. ಎರಡನ್ನೂ ಒಂದೇ ಅಂದುಕೊಂಡು ನಡಿಗೆಯನ್ನೂ ನಿಲ್ಲಿಸಿದವರನ್ನು ನೋಡಿ ನನಗೆ ಸಂಕಟವಾಗಿದೆ.

ಎಷ್ಟು ದಿನ ಬೇಕು? ದಿನಗಳಲ್ಲಿ ಹೋದದ್ದು ತಿಂಗಳುಗಳಲ್ಲಿ ಬರುತ್ತದೆ. ವಯಸ್ಸಾದವರಿಗೆ ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಆ ಹಿರಿಯರು ಈಗ ಒಂದು ಮಹಡಿ ಇಳಿದು ಹತ್ತುತ್ತಾರೆ, ನಡುವೆ ಒಮ್ಮೆ ನಿಂತು.

ಕೆಲವರಿಗೆ ಆಪರೇಷನ್ ಇನ್ನೂ ಆಗಿರುವುದಿಲ್ಲ, ತಾರೀಕು ಮಾತ್ರ ಸಿಕ್ಕಿರುತ್ತದೆ. ಮೂರು ವಾರವೋ ನಾಲ್ಕು ವಾರವೋ ಕೈಯಲ್ಲಿರುತ್ತದೆ. ಅಂಥವರು ಫೋನ್ ಮಾಡಿದರೆ ನನಗೆ ನಿಜವಾಗಲೂ ಖುಷಿ. ಡಾಕ್ಟರು ಬೇಡ ಎಂದಿಲ್ಲವಾದರೆ ಆ ಗಟ್ಟಿ ಕುರ್ಚಿಯನ್ನು ಇವತ್ತೇ ಗೋಡೆಗೆ ಒರಗಿಸಿ ಇಡಿ. ಐದು ಸಲ ಎದ್ದು ಕೂತುಕೊಳ್ಳಿ. ರಾತ್ರಿ ಊಟಕ್ಕೆ ಇನ್ನೊಂದು ಸೌಟು ಗಟ್ಟಿ ಬೇಳೆ ಹಾಕಿಸಿಕೊಳ್ಳಿ.